ರಾಗಿ ಸರಿ
ರಾಗಿ ಸರಿ: ಮೊಳಕೆ ಕಟ್ಟಿದ ರಾಗಿಯ ನಯವಾದ ಹಿಟ್ಟಿನಿಂದ ಬೇಯಿಸುವ, ಎಳೆಗೂಸುಗಳ ಪೂರಕ ಆಹಾರ. ದಕ್ಷಿಣ ಕರ್ನಾಟಕದ ರಾಗಿ ಸೀಮೆಯಲ್ಲಿ ಬಳಕೆ ಹೆಚ್ಚು. ರಾಗಿಯನ್ನು ತೊಳೆದು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಸೋಸುತ್ತಾರೆ. ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಹೊಳಪು ಬರುವವರೆಗೆ ಕೈಯಾಡಿಸಿ, ತುಸು ತುಪ್ಪ ಬೆರೆಸಲಾಗುತ್ತದೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಸರಿ ತೆಳುವಾಗಿದ್ದು, ಸುಲಭವಾಗಿ ಜೀರ್ಣವಾಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಮಗುವಿಗೆ 6 ತಿಂಗಳು ತುಂಬಿದ ಮೇಲೆ, ಎದೆಹಾಲು ಮುಂದುವರಿಸುತ್ತಲೇ, ಒಂದೆರಡು ಚಮಚದಿಂದ ಆರಂಭಿಸುತ್ತಾರೆ. ಹೊಸ ರುಚಿಗೆ ಮುಖ ತಿರುಗಿಸಿ ಉಗುಳುವ ಮಗು ಹಲವು ಸಲ ಉಣಿಸಿದ ಬಳಿಕ ಒಗ್ಗಿಕೊಳ್ಳುವುದುಂಟು, ಬಲವಂತ ಸಲ್ಲದು. ವರ್ಷ ತುಂಬುವವರೆಗೆ ಇದಕ್ಕೆ ಜೇನುತುಪ್ಪ ಸೇರಿಸುವಂತಿಲ್ಲ.