ಪ್ಲಂಬರ್ ಚೀಲದಲ್ಲಿ ಸೀಸ ಎಲ್ಲಿ?

ಕಳೆದ ಭಾನುವಾರ ನಮ್ಮ ಅಡುಗೆಮನೆಯ ನಲ್ಲಿ ಸೋರತೊಡಗಿತು. ಪ್ಲಂಬರ್ ಬಂದು ಹತ್ತೇ ನಿಮಿಷದಲ್ಲಿ ಸರಿಮಾಡಿದರು. ಅವರ ಚೀಲದಲ್ಲಿ ಪಿವಿಸಿ ಪೈಪಿನ ತುಂಡು, ಟೆಫ್ಲಾನ್ ಟೇಪು, ಸ್ಪ್ಯಾನರ್ ಎಲ್ಲ ಇದ್ದವು. ಆದರೆ ಅವರ ಕಸುಬಿಗೆ ಹೆಸರು ಕೊಟ್ಟ ಲೋಹವೇ ಇರಲಿಲ್ಲ!

ಸೀಸದ ಸಂಕೇತ 'ಪಿಬಿ' ಅಂತ ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೆ, ಯಾಕೆ ಅಂತ ಕೇಳಿರಲಿಲ್ಲ. ಲ್ಯಾಟಿನ್ನಿನಲ್ಲಿ ಸೀಸಕ್ಕೆ 'ಪ್ಲುಂಬುಮ್', ಸೀಸದ ಕೆಲಸದವನಿಗೆ 'ಪ್ಲುಂಬಾರಿಯುಸ್' ಎನ್ನುತ್ತಿದ್ದರು. ಅದೇ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಪ್ಲಂಬರ್ ಆಯಿತು. ಇಂಗ್ಲಿಷರು 'ಬಿ' ಬರೆದರೂ ಅದನ್ನು ನುಂಗಿ 'ಪ್ಲಮರ್' ಅನ್ನುತ್ತಾರೆ. ನಾವು ಬಕಾರವನ್ನು ಬಿಡದೆ ಹೇಳುತ್ತೇವೆ. ಈ ಒಂದು ವಿಷಯದಲ್ಲಿ ಲ್ಯಾಟಿನ್ನಿಗೆ ನಾವೇ ಹತ್ತಿರ!

ರೋಮನ್ನರು ಸೀಸದ ತಗಡನ್ನು ಸುತ್ತಿ, ಅಂಚಿಗೆ ಬೆಸುಗೆ ಹಾಕಿ ನೀರಿನ ಕೊಳವೆ ಮಾಡುತ್ತಿದ್ದರು. ಮುಂದೆ ಇಂಗ್ಲೆಂಡಿನಲ್ಲಿ ಚರ್ಚುಗಳ ಚಾವಣಿಗೆ ಸೀಸದ ತಗಡು ಹೊದಿಸುವುದೂ ಪ್ಲಂಬರನದೇ ಕೆಲಸವಾಗಿತ್ತು. ಸೀಸ ಮೆದು, ಸುಲಭವಾಗಿ ಬಾಗುತ್ತದೆ, ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಕೆಲಸಗಾರನಿಗೆ ಇನ್ನೇನು ಬೇಕು?

ಆದರೆ ಅದು ವಿಷ. ಇದು ಇತ್ತೀಚೆಗೆ ತಿಳಿದ ಸಂಗತಿಯೇನಲ್ಲ. ಕ್ರಿಸ್ತಪೂರ್ವ ಒಂದನೇ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್, ಸೀಸದ ಕೆಲಸಗಾರರ ಬಿಳಿಚಿಕೊಂಡ ಮೈಯನ್ನೇ ಸಾಕ್ಷಿಯಾಗಿ ತೋರಿಸಿ, ನೀರಿಗೆ ಮಣ್ಣಿನ ಕೊಳವೆಯೇ ಒಳ್ಳೆಯದು ಎಂದು ಬರೆದಿದ್ದ. ಅವನ ಮಾತನ್ನು ಕೇಳಿದವರು ಕಡಿಮೆ. ಅಮೆರಿಕ ಕುಡಿಯುವ ನೀರಿಗೆ ಹೊಸ ಸೀಸದ ಪೈಪು ಹಾಕುವುದನ್ನು ನಿಷೇಧಿಸಿದ್ದು 1986ರಲ್ಲಿ. ಹಳೆಯವು ನೆಲದಡಿ ಹಾಗೇ ಉಳಿದವು. 2014ರಲ್ಲಿ ಮಿಷಿಗನ್ನಿನ ಫ್ಲಿಂಟ್ ನಗರದಲ್ಲಿ ನೀರಿನ ಮೂಲ ಬದಲಿಸಿದರು, ಪೈಪು ಸವೆಯದಂತೆ ನೀರಿಗೆ ಮಾಡಬೇಕಾದ ಸಂಸ್ಕರಣೆಯನ್ನು ಮಾಡಲಿಲ್ಲ. ಸೀಸ ಕರಗಿ ಮಕ್ಕಳ ರಕ್ತ ಸೇರಿತು.

ನಮ್ಮಲ್ಲೂ ಇಂಥದೇ ಒಂದು ಹೆಸರಿದೆ. ಪೆನ್ಸಿಲ್ಲಿಗೆ 'ಸೀಸದಕಡ್ಡಿ' ಅನ್ನುತ್ತೇವಲ್ಲ, ಅದರಲ್ಲಿ ಇರುವುದು ಗ್ರಾಫೈಟ್, ಅಂದರೆ ಇಂಗಾಲ. ಯುರೋಪಿನವರು ಮೊದಲು ಅದನ್ನು ಸೀಸದ ಒಂದು ಬಗೆ ಎಂದು ತಪ್ಪು ತಿಳಿದಿದ್ದರು.

ಹಾಗಾದರೆ ನಮ್ಮ ಪ್ಲಂಬರ್ ಹಾಕಿದ ಪ್ಲಾಸ್ಟಿಕ್ ಪೈಪಿನಲ್ಲಿ ಸೀಸವೇ ಇಲ್ಲ ಅಂತ ನಿಶ್ಚಿಂತೆಯಾಗಿ ಇರಬಹುದೇ? ಶಾಖಕ್ಕೆ ಕೆಡದಿರಲೆಂದು ಪಿವಿಸಿಗೆ ಸೀಸದ ಸಂಯುಕ್ತಗಳನ್ನು ಬೆರೆಸುತ್ತಿದ್ದರು. ಅದಕ್ಕೆ ಕಡಿವಾಣ ಹಾಕುವ ನಿಯಮ ಭಾರತದಲ್ಲಿ ಬಂದದ್ದು 2021ರಲ್ಲಿ. ಹೆಸರಿನಲ್ಲಿ ಸೀಸವಿರುವ ಕಡ್ಡಿಯಲ್ಲಿ ಅದಿಲ್ಲ, ಹೆಸರಿನಲ್ಲಿ ಇಲ್ಲದ ಪೈಪಿನಲ್ಲಿ ಇತ್ತು! ನಮ್ಮ ಮನೆಯ ಪೈಪು ಅದಕ್ಕಿಂತ ಹಳೆಯದು. ಮುಂದಿನ ಸಲ ಪ್ಲಂಬರ್ ಬಂದಾಗ ಮೊದಲು ಆ ಮಾತೇ ಎತ್ತಬೇಕು.