ನೈಸ್ ಹಿಟ್ಟಿನ ಚರಿತ್ರೆ

ಈ ಸಲ ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ಪುಣೆ ಹತ್ತಿರದ ತಳೇಗಾಂವ ದಾಭಾಡೆಯಿಂದ ನಮ್ಮ ಕೇಳುಗರೊಬ್ಬರು ಚಕ್ಕುಲಿ ಮಾಡುವ ವಿಧಾನ ಬರೆದು ಕಳಿಸಿದ್ದರು. ಅದರಲ್ಲಿ 'ಗಿರಣಿಯಲ್ಲಿ ನೈಸಾಗಿ ಹಿಟ್ಟು ಮಾಡಿಸಿ' ಎಂದಿತ್ತು. ನಾನು ಮೈಕಿನ ಮುಂದೆ ಅದನ್ನು 'ನುಣ್ಣಗೆ' ಎಂದು ತಿದ್ದಿ ಓದಿದೆ. ಅಷ್ಟಕ್ಕೇ ಬಿಡದೆ, 'ನೈಸ್ ಅಂದರೆ ಇಂಗ್ಲಿಷಿನಲ್ಲಿ ಚೆನ್ನಾಗಿದೆ ಅಂತ, ಹಿಟ್ಟಿಗೂ ಅದಕ್ಕೂ ಏನ್ರೀ ಸಂಬಂಧ?' ಎಂದು ನಕ್ಕೂಬಿಟ್ಟೆ.

ವಾರದಲ್ಲೇ ಆ ತಾಯಿಯ ಕಾಗದ ಬಂತು. ಅಲ್ಲಿ ಗಿರಣಿಯವನ ಹತ್ತಿರ ಅವರು 'ಬಾರೀಕ್' ಎನ್ನುತ್ತಾರೆ. ಮನೆಯೊಳಗೆ ಮಾತ್ರ ತಮ್ಮ ಅಮ್ಮ ಹೇಳುತ್ತಿದ್ದ 'ನೈಸು'. ಇಂಗ್ಲಿಷ್ ಶಾಲೆಗೆ ಹೋಗುವ ಮೊಮ್ಮಗಳು ನನ್ನ ಮಾತು ಕೇಳಿ ತಾನೂ ನಕ್ಕಳಂತೆ. ಅಂದಿನಿಂದ ಆ ಪದ ನಾಲಿಗೆಗೆ ಬಂದರೂ ಆಡಲು ಸಂಕೋಚವಾಗುತ್ತದೆ ಎಂದು ಬರೆದಿದ್ದರು. ಕೊನೆಯಲ್ಲಿ ಇನ್ನೊಂದು ಸಾಲು: ನಮ್ಮೂರಿನ ಹೆಸರನ್ನೂ ನೀವು ತಪ್ಪಾಗಿ ಓದಿದಿರಿ!

ಸರಿ, ನಿಘಂಟು ತೆಗೆದೆ. ನೋಡಿದರೆ ಇಂಗ್ಲಿಷಿನವರ ನೈಸೂ ಮೊದಲು ಅಷ್ಟು ನೈಸಾಗಿರಲಿಲ್ಲ. ಅದರ ಮೂಲ ಲ್ಯಾಟಿನ್ನಿನ 'ನೆಸ್ಕಿಯುಸ್', ಅಂದರೆ ಏನೂ ತಿಳಿಯದವನು. 'ತಿಳಿ' ಎಂಬರ್ಥದ 'ಸ್ಕೀರೆ' ಎಂಬ ಧಾತುವಿನ ಹಿಂದೆ 'ಇಲ್ಲ' ಎಂಬ 'ನೆ' ಸೇರಿದೆ. ಅದೇ ಸ್ಕೀರೆಯಿಂದ ಸೈನ್ಸ್ ಎಂಬ ಪದವೂ ಬಂದಿದೆ. ಫ್ರೆಂಚರ ಬಾಯಿಂದ 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ಇದರ ಅರ್ಥ ಪೆದ್ದ, ದಡ್ಡ. 1400ರಲ್ಲಿ ತೀರಿಕೊಂಡ ಕವಿ ಚಾಸರನ ಕಾಲದಲ್ಲಿ ಯಾರನ್ನಾದರೂ ನೈಸ್ ಎಂದಿದ್ದರೆ ಜಗಳವೇ ಆಗುತ್ತಿತ್ತೇನೋ!

ಆಮೇಲೆ ಅರ್ಥ ಬದಲಾಗುತ್ತಾ ಹೋಯಿತು. ಪೆದ್ದತನದಿಂದ ಅತಿ ಮಡಿವಂತಿಕೆ, ಅಲ್ಲಿಂದ ನಾಜೂಕು, ಅಲ್ಲಿಂದ ಸೂಕ್ಷ್ಮ, ಕರಾರುವಾಕ್ಕು. ಕೂದಲೆಳೆಯಷ್ಟು ಸಣ್ಣ ವ್ಯತ್ಯಾಸವನ್ನು 'ನೈಸ್ ಡಿಸ್ಟಿಂಕ್ಷನ್' ಎನ್ನುವುದು ಇಂದಿಗೂ ಉಂಟು. ನಾನು ಜಂಬದಿಂದ ಹೇಳಿದ 'ಚೆನ್ನಾಗಿದೆ' ಎಂಬ ಅರ್ಥ ಬಂದದ್ದು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ. 1817ರ ಕೊನೆಗೆ ಹೊರಬಂದ ಜೇನ್ ಆಸ್ಟಿನ್ನಳ 'ನಾರ್ಥ್ಯಾಂಗರ್ ಅಬ್ಬೆ' ಕಾದಂಬರಿಯಲ್ಲಿ, ಕಂಡದ್ದಕ್ಕೆಲ್ಲ ಈ ಪದ ಹಚ್ಚುವುದನ್ನು ನಾಯಕ ಗೇಲಿ ಮಾಡುತ್ತಾನೆ. ಮೊದಲು ಇದು ಅಚ್ಚುಕಟ್ಟು, ನಾಜೂಕುಗಳಿಗೆ ಮೀಸಲಾಗಿತ್ತು ಎಂಬುದು ಅವನ ತಕರಾರು. ಹಾಗಾದರೆ ಹೇಳಿ, ಸಣ್ಣಗೆ ನಾಜೂಕಾಗಿ ಬೀಸಿದ ಹಿಟ್ಟು ನೈಸಲ್ಲದೆ ಮತ್ತೇನು?

ಉಚ್ಚಾರದ ಕಥೆ ಇನ್ನೂ ಸ್ವಾರಸ್ಯ. ಚಾಸರನ ಕಾಲದಲ್ಲಿ ಇದು ನೈಸ್ ಅಲ್ಲ, 'ನೀಸ್'. ಟೈಮ್ ಎಂಬುದು ಟೀಮ, ವೈಫ್ ಎಂಬುದು ವೀಫ್. ಸುಮಾರು 1400ರಿಂದ 1700ರವರೆಗೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿ, 'ಈ' ಹೋಗಿ 'ಐ' ಬಂತು. ಕಾಗುಣಿತ ಮಾತ್ರ ಹಳೆಯದೇ ಉಳಿಯಿತು. ಅದೇ ಅಕ್ಷರಗಳಲ್ಲಿ ಬರೆಯುವ ಫ್ರಾನ್ಸಿನ ಊರನ್ನು ಈಗಲೂ ನೀಸ್ ಎನ್ನುತ್ತಾರೆ. ಆದರೆ ಆ ಹೆಸರು ಗ್ರೀಕರ 'ನಿಕಾಯಾ'ದಿಂದ ಬಂದದ್ದು, ನಮ್ಮ ನೈಸಿಗೆ ನೆಂಟನಲ್ಲ.

ಕನ್ನಡದಲ್ಲಂತೂ ಇದಕ್ಕೆ ಬೇರೆಯದೇ ಸಂಸಾರ. ಚಟ್ನಿ ನೈಸಾಗಿ ರುಬ್ಬುತ್ತೇವೆ. ನೆಲ ನೈಸಾಗಿದ್ದರೆ ಕಾಲು ಜಾರುತ್ತದೆ. ನೈಸಾಗಿ ಮಾತಾಡಿ ಸಾಲ ಕೀಳುವವರಿದ್ದಾರೆ, ವಾಪಸು ಕೇಳಿದಾಗ ನೈಸಾಗಿ ಜಾರಿಕೊಳ್ಳುವವರೂ ಅವರೇ! ನಮ್ಮಲ್ಲಿ ಮೊದಲೇ 'ನಯ' ಎಂಬ ಪದವಿತ್ತಲ್ಲ, ಮುಟ್ಟಿದರೂ ನಯ, ಮಾತಿನಲ್ಲೂ ನಯ. ಅದರ ಪಕ್ಕದಲ್ಲೇ ನೈಸ್ ಬಂದು ಕೂತಿತು ಎಂದು ನನಗನ್ನಿಸುತ್ತದೆ.

ಇನ್ನು ಊರಿನ ಹೆಸರು. ಮರಾಠಿಯಲ್ಲಿ 'ತಳೇ' ಅಂದರೆ ಕೆರೆ, ಕೆರೆಯಿದ್ದ ಊರು ತಳೇಗಾಂವ. ಮರಾಠಿಗೂ ನಮಗೂ 'ಳ' ಇದೆ, ಇಂಗ್ಲಿಷಿಗಿಲ್ಲ. ನಾನು ಇಂಗ್ಲಿಷಿನಲ್ಲಿದ್ದ ವಿಳಾಸ ನೋಡಿ 'ತಾಲೇಗಾನ್' ಎಂದಿದ್ದೆ. ದಾಭಾಡೆ ಎಂಬುದು ಮರಾಠರ ಸೇನಾಪತಿ ಮನೆತನದ ಹೆಸರು. 1731ರಲ್ಲಿ ಡಭೋಯಿ ಕಾಳಗದಲ್ಲಿ ಬಾಜೀರಾಯನ ವಿರುದ್ಧ ಕಾದಾಡಿ ಮಡಿದ ತ್ರ್ಯಂಬಕರಾವ್ ಅದೇ ಮನೆತನದವನು. ಪುಣೆ ಜಿಲ್ಲೆಯಲ್ಲೇ ತಳೇಗಾಂವ ಢಮಢೇರೆ ಎಂಬ ಇನ್ನೊಂದು ಊರೂ ಇದೆ. ಹಾಗಾಗಿ ದಾಭಾಡೆ ಬಿಟ್ಟರೆ ಕಾಗದ ಅಲ್ಲಿಗೆ ಹೋದೀತು.

ಮುಂದಿನ ವಾರ ಆ ಚಕ್ಕುಲಿಯನ್ನು ಅವರು ಬರೆದ ಹಾಗೆಯೇ ಮತ್ತೆ ಓದುತ್ತೇನೆ. ಪುಟ್ಟಿ, ನೀನೂ ಅಜ್ಜಿಯ ಪಕ್ಕ ಕೂತು ಕೇಳು. ಅಕ್ಕಿ ನಾಲ್ಕು ಪಾವು, ಹುರಿದ ಉದ್ದಿನಬೇಳೆ ಒಂದು ಪಾವು. ಗಿರಣಿಯಲ್ಲಿ ನೈಸಾಗಿ ಹಿಟ್ಟು ಮಾಡಿಸಿ.