ಪಿಸ್ತೂಲಿನ ಪಾಠಶಾಲೆ

ಗುರಿಯ ಮಾತು ಬಂದಾಗಲೆಲ್ಲ ನಮಗೆ ನೆನಪಾಗುವುದು ದ್ರೋಣಾಚಾರ್ಯರು ನಡೆಸಿದ ಪರೀಕ್ಷೆ. ಮರದ ಮೇಲೊಂದು ಹಕ್ಕಿ. ಏನು ಕಾಣುತ್ತದೆ ಎಂದು ಗುರುವಿನ ಪ್ರಶ್ನೆ. ಒಬ್ಬನಿಗೆ ಮರ ಕಂಡಿತು, ಕೊಂಬೆ ಕಂಡಿತು, ಪಕ್ಕದಲ್ಲಿ ನಿಂತ ಅಣ್ಣತಮ್ಮಂದಿರೂ ಕಂಡರು. ಅರ್ಜುನನಿಗೆ ಹಕ್ಕಿಯನ್ನುಳಿದು ಮತ್ತೇನೂ ಕಾಣಲಿಲ್ಲ. ಈ ಕಥೆಯನ್ನು ಏಕಾಗ್ರತೆಯ ಪಾಠವೆಂದು ನಾವು ಮೇಷ್ಟರುಗಳು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದೇವೆ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಇದಕ್ಕೆ ತೀರ ವಿರುದ್ಧವಾದ ಪಾಠವನ್ನು ಹೇಳಿದ ಒಂದು ಶಾಲೆಯಿತ್ತು. ‘ಗುರಿ ನೋಡಬೇಡ, ಕಣ್ಣನ್ನು ಕಿರಿದು ಮಾಡಬೇಡ, ನೋಡಿದ ಕಡೆಗೆ ಕೈ ತಾನಾಗಿ ಹೋಗಲಿ’ ಎಂಬುದು ಆ ಶಾಲೆಯ ಮೊದಲ ಸೂತ್ರ. ಅದು ಹುಟ್ಟಿದ್ದು ಚೀನಾದ ಷಾಂಘೈ ನಗರದಲ್ಲಿ. ಕಲಿಸಿದ ವಿದ್ಯೆ ಪಿಸ್ತೂಲಿನದು. ಕೊನೆಗೆ ಇಂಗ್ಲೆಂಡಿನಲ್ಲಿ ಆ ವಿದ್ಯೆಯನ್ನು ಕಲಿಯಲು ಬಂದವರಲ್ಲಿ ಒಬ್ಬಳು, ನಮ್ಮ ಶ್ರೀರಂಗಪಟ್ಟಣದ ಟೀಪೂ ಸುಲ್ತಾನನ ವಂಶದವಳು. ಬಂದೂಕಿನ ಲೋಕಕ್ಕೆ ಹೊರಗಿನವನಾದ ನಾನು ಈ ಇತಿಹಾಸವನ್ನು ಹುಡುಕಿ ಓದಿದ್ದು ಆಕೆಯ ಕಾರಣದಿಂದಲೇ.

ಮೊದಲು ಷಾಂಘೈಯನ್ನು ನೋಡೋಣ. 1842ರ ನಾನ್‌ಕಿಂಗ್ ಒಪ್ಪಂದದಿಂದ ವಿದೇಶೀ ವ್ಯಾಪಾರಕ್ಕೆ ತೆರೆದ ಬಂದರುಗಳಲ್ಲಿ ಅದೂ ಒಂದು. ಬ್ರಿಟಿಷರೂ ಅಮೆರಿಕನ್ನರೂ ತಮ್ಮ ವಸತಿಗಳನ್ನು ಒಂದುಗೂಡಿಸಿ ‘ಅಂತರರಾಷ್ಟ್ರೀಯ ವಸಾಹತು’ ಎಂಬ ಊರೊಳಗಿನ ಊರನ್ನು ಕಟ್ಟಿಕೊಂಡರು. ಅದಕ್ಕೆ ಅದರದೇ ಪುರಸಭೆ, ಅದರದೇ ಪೋಲೀಸು ಪಡೆ. ಆ ಪಡೆಯಲ್ಲಿ ಬ್ರಿಟಿಷ್ ಅಧಿಕಾರಿಗಳು, ಚೀನೀ ಪೇದೆಗಳು, ಇವರ ಜೊತೆಗೆ ಸಂಬಳಕ್ಕಾಗಿ ಪಂಜಾಬಿನಿಂದ ಹೋದ ಸಿಖ್ಖರೂ ಇದ್ದರು. ಒಂದು ಕಡೆ ಬ್ಯಾಂಕುಗಳು, ಗಿರಣಿಗಳು, ಕುದುರೆ ಪಂದ್ಯಗಳು. ಇನ್ನೊಂದು ಕಡೆ ಅಫೀಮು, ದರೋಡೆ, ಹಣಕ್ಕಾಗಿ ಮನುಷ್ಯರನ್ನು ಹೊತ್ತೊಯ್ಯುವ ದಂಧೆ. ಕಳ್ಳರ ಬಳಿ ಪೋಲೀಸರ ಬಳಿ ಇದ್ದಷ್ಟೇ ಒಳ್ಳೆಯ ಪಿಸ್ತೂಲುಗಳಿದ್ದವು.

ಈ ಪಡೆಗೆ 1907ರಲ್ಲಿ ಸೇರಿದವನು ವಿಲಿಯಂ ಎವರ್ಟ್ ಫೇರ್‌ಬೇರ್ನ್. ನೌಕಾ ಸೈನ್ಯದಲ್ಲಿದ್ದು ಬಂದವನು. ಷಾಂಘೈಯಲ್ಲಿ ಜಪಾನೀ ಮಲ್ಲವಿದ್ಯೆಯನ್ನು ಶ್ರದ್ಧೆಯಿಂದ ಕಲಿತವನು. ಅವನಿಗೆ ಜೊತೆಯಾದವನು ಎರಿಕ್ ಸೈಕ್ಸ್. ಬಂದೂಕು ತಯಾರಿಸುವ ಕಂಪನಿಗಳ ಪ್ರತಿನಿಧಿಯಾಗಿದ್ದ ಈತ ಪೋಲೀಸರ ಮೀಸಲು ದಳದಲ್ಲಿಯೂ ಕೆಲಸ ಮಾಡುತ್ತಿದ್ದ. ಈ ಇಬ್ಬರಿಗೂ ಒಂದು ಪ್ರಶ್ನೆ ಎದುರಾಯಿತು. ಅಭ್ಯಾಸದ ಮೈದಾನದಲ್ಲಿ ಒಳ್ಳೆಯ ಅಂಕ ಪಡೆದ ಪೇದೆ ಗಲ್ಲಿಯ ಕತ್ತಲೆಯಲ್ಲಿ ಏಕೆ ಸಾಯುತ್ತಾನೆ?

ಉತ್ತರಕ್ಕಾಗಿ ಅವರು ಹೋದದ್ದು ಸತ್ತವರ ಮತ್ತು ಬದುಕಿ ಉಳಿದವರ ದಾಖಲೆಗಳ ಬಳಿಗೆ. ಅಲ್ಲಿ ಕಂಡ ಸಂಗತಿ ಸರಳವಾಗಿತ್ತು. ಮೈದಾನದಲ್ಲಿ ಕಲಿಸುತ್ತಿದ್ದುದು ಒಂದು, ಬೀದಿಯಲ್ಲಿ ನಡೆಯುತ್ತಿದ್ದುದು ಇನ್ನೊಂದು. ಮೈದಾನದಲ್ಲಿ ವಿದ್ಯಾರ್ಥಿ ಓರೆಯಾಗಿ ನಿಂತು, ತೋಳು ಚಾಚಿ, ಉಸಿರು ಹಿಡಿದು, ನಳಿಗೆಯ ತುದಿಯ ಸಣ್ಣ ಮೊನೆಯನ್ನೂ ಹಿಂದಿನ ಕಚ್ಚನ್ನೂ ಒಂದೇ ಗೆರೆಗೆ ತಂದು, ದೂರದ ಕಾಗದದ ಮೇಲಿನ ಕರಿಯ ಚುಕ್ಕೆಗೆ ಗುಂಡು ಹಾರಿಸುತ್ತಿದ್ದ. ಅದಕ್ಕೆ ಬೇಕಾದಷ್ಟು ಸಮಯವೂ ಇರುತ್ತಿತ್ತು. ಬೀದಿಯಲ್ಲಿ ಎದುರಾಳಿ ಇರುತ್ತಿದ್ದುದು ಕೆಲವೇ ಗಜ ದೂರದಲ್ಲಿ. ಬೆಳಕು ಸಾಲದು, ನಿಂತ ನೆಲ ಸಮವಲ್ಲ, ಓಡಿ ಬಂದ ಎದೆ ಡವಡವ ಎನ್ನುತ್ತಿದೆ, ಕೈ ಬಿಗಿದಿದೆ. ಪ್ರಾಣಭಯದಲ್ಲಿ ಮನುಷ್ಯ ತಾನಾಗಿಯೇ ಮೊಣಕಾಲು ಬಗ್ಗಿಸಿ ಕುಗ್ಗುತ್ತಾನೆ, ಎದುರಾಳಿಗೆ ಮುಖಾಮುಖಿ ತಿರುಗುತ್ತಾನೆ, ಹಿಡಿದದ್ದನ್ನು ಅಮುಕಿ ಹಿಡಿಯುತ್ತಾನೆ, ಎರಡೂ ಕಣ್ಣನ್ನು ಅಗಲವಾಗಿ ತೆರೆಯುತ್ತಾನೆ. ಹಳೆಯ ಪಾಠವೆಲ್ಲ ಈ ಸ್ವಭಾವಕ್ಕೆ ವಿರುದ್ಧವಾಗಿತ್ತು. ಆದ್ದರಿಂದ ಅದು ಬೇಕಾದ ಗಳಿಗೆಯಲ್ಲಿಯೇ ಕೈಕೊಡುತ್ತಿತ್ತು.

ಫೇರ್‌ಬೇರ್ನ್ ಮತ್ತು ಸೈಕ್ಸ್ ಮಾಡಿದ್ದು ಇಷ್ಟೆ: ಭಯವನ್ನು ಕಳೆಯುವ ಬದಲು ಭಯಪಟ್ಟ ದೇಹ ಹೇಗೆ ನಿಲ್ಲುತ್ತದೆಯೋ ಅದನ್ನೇ ಪಾಠದ ಮೊದಲ ಭಂಗಿಯನ್ನಾಗಿ ಮಾಡಿಕೊಂಡರು. ಗುರಿಯ ಎದುರಿಗೆ ನೇರವಾಗಿ ನಿಲ್ಲು. ಪಿಸ್ತೂಲನ್ನು ದೇಹದ ನಡುಗೆರೆಯಲ್ಲಿ ಮೇಲೆತ್ತು. ಎರಡೂ ಕಣ್ಣು ಎದುರಾಳಿಯ ಮೇಲಿರಲಿ. ಕೈ ಆ ಗೆರೆಗೆ ಬಂದೊಡನೆ ಇಡೀ ಹಿಡಿಯನ್ನು ಬಿಗಿದು ಟ್ರಿಗರ್ ಒತ್ತು, ಒಂದರ ಹಿಂದೆ ಇನ್ನೊಂದು ಗುಂಡು ಹೋಗಲಿ. ಯಾರನ್ನಾದರೂ ಬೆರಳು ಮಾಡಿ ತೋರಿಸುವಾಗ ನಾವು ಬೆರಳಿನ ತುದಿಯನ್ನು ನೋಡಿಕೊಂಡು ಲೆಕ್ಕ ಹಾಕುವುದಿಲ್ಲ. ಆದರೂ ಬೆರಳು ಸರಿಯಾದ ಕಡೆಗೇ ಹೋಗುತ್ತದೆ. ಆ ಸಹಜ ಶಕ್ತಿಯೇ ಈ ಪದ್ಧತಿಯ ಬಂಡವಾಳ. ವಿದ್ಯಾರ್ಥಿ ಮೊದಲು ಖಾಲಿ ಪಿಸ್ತೂಲಿನಿಂದ ಅಭ್ಯಾಸ ಮಾಡುತ್ತಿದ್ದ. ಆಮೇಲೆ ಎರಡೇ ಗಜ ದೂರದ ಆಳೆತ್ತರದ ಚಿತ್ರಕ್ಕೆ ಗುಂಡು. ಹತ್ತಿರದಿಂದ ತಗುಲಿದಾಗ ಹುಟ್ಟುವ ನಂಬಿಕೆಯೇ ಮುಂದಿನ ಪಾಠಕ್ಕೆ ಮೆಟ್ಟಿಲು. ಮೇಷ್ಟರ ಕೆಲಸ ಬಲ್ಲವರಿಗೆ ಈ ಮಾತು ಹೊಸದಲ್ಲ. ಮಗುವಿಗೆ ಮೊದಲ ದಿನವೇ ಒತ್ತಕ್ಷರ ಬರೆಸುವವನು ಗುರುವಲ್ಲ.

ಪಾಠದ ಕೊನೆಯ ಹಂತಕ್ಕೆ ಅವರು ಒಂದು ವಿಚಿತ್ರ ಮನೆಯನ್ನು ಸಜ್ಜು ಮಾಡಿದ್ದರು. ಮಬ್ಬುಗತ್ತಲೆಯ ಓಣಿ, ಮೆಟ್ಟಿಲು, ಅನಿರೀಕ್ಷಿತ ಸದ್ದು, ಮೂಲೆಯಿಂದ ಥಟ್ಟನೆ ಎದ್ದು ಬರುವ ಬೊಂಬೆಗಳು. ಓಡಿಸಿ, ದಣಿಸಿ, ಏದುಸಿರು ಬಿಡುತ್ತಿರುವಾಗ ವಿದ್ಯಾರ್ಥಿಯನ್ನು ಅದರೊಳಕ್ಕೆ ನೂಕುತ್ತಿದ್ದರು. ಇದರ ಫಲವೇನಾಯಿತು? 1942ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದ ಪುಸ್ತಕದಲ್ಲಿ ಲೆಕ್ಕ ಕೊಟ್ಟಿದ್ದಾರೆ. ಹನ್ನೆರಡೂವರೆ ವರ್ಷಗಳಲ್ಲಿ ಶಸ್ತ್ರ ಹಿಡಿದ ಅಪರಾಧಿಗಳೊಡನೆ ನಡೆದ ಘರ್ಷಣೆಗಳು 666. ಪೋಲೀಸರು ಪಿಸ್ತೂಲು ಬಳಸಿದ ಘರ್ಷಣೆಗಳಲ್ಲಿ ಸತ್ತ ಪೋಲೀಸರು 42, ಸತ್ತ ಅಪರಾಧಿಗಳು 260. ತಮ್ಮ ವಿದ್ಯೆ ಫಲಿಸಿತೆಂಬುದಕ್ಕೆ ಅವರು ಕೊಟ್ಟ ಸಾಕ್ಷಿ ಇದು. ವಿದ್ಯೆ ಫಲಿಸಿದ್ದು ನಿಜ. ಆದರೂ ಆ ಎರಡು ಸಂಖ್ಯೆಗಳನ್ನು ಕೂಡಿದರೆ ಬರುವ 302 ಒಂದು ಊರಿನ ಬೀದಿಗಳಲ್ಲಿ ಬಿದ್ದ ಹೆಣಗಳ ಸಂಖ್ಯೆ ಎಂಬುದನ್ನು ಮರೆಯಲಾಗದು.

ಶಸ್ತ್ರವಿದ್ಯೆ ಕೈಗೆ ಸಂಬಂಧಿಸಿದ್ದು. ಆ ಕೈ ಯಾರ ಅಪ್ಪಣೆಗೆ ಏಳುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಈ ಪ್ರಶ್ನೆಯನ್ನು ಷಾಂಘೈ 1925ರಲ್ಲಿ ಎದುರಿಸಬೇಕಾಯಿತು. ಆ ವರ್ಷ ಮೇ ತಿಂಗಳಲ್ಲಿ ಜಪಾನೀ ಒಡೆತನದ ಗಿರಣಿಯೊಂದರಲ್ಲಿ ಚೀನೀ ಕಾರ್ಮಿಕನೊಬ್ಬ ಗುಂಡಿಗೆ ಬಲಿಯಾದ. ಮೇ 30ರಂದು ವಿದ್ಯಾರ್ಥಿಗಳೂ ಕಾರ್ಮಿಕರೂ ನಾನ್‌ಕಿಂಗ್ ರಸ್ತೆಯಲ್ಲಿ ಸೇರಿದರು. ಬಂಧನದಲ್ಲಿದ್ದವರನ್ನು ಬಿಡಬೇಕೆಂದು ಜನ ಪೋಲೀಸು ಠಾಣೆಯ ಮುಂದೆ ಒತ್ತರಿಸಿದಾಗ ಬ್ರಿಟಿಷ್ ಇನ್ಸ್‌ಪೆಕ್ಟರು ಗುಂಡು ಹಾರಿಸಲು ಅಪ್ಪಣೆ ಕೊಟ್ಟ. ಹಾರಿಸಿದವರು ಸಿಖ್ ಮತ್ತು ಚೀನೀ ಪೇದೆಗಳು. ಹಾರಿದ ಗುಂಡು 44. ಕಡಿಮೆಯೆಂದರೂ ಒಂಬತ್ತು ಮಂದಿ ಸತ್ತರು. ಹದಿಮೂರು ಎಂದು ಎಣಿಸಿದವರೂ ಇದ್ದಾರೆ. ಜಲಿಯನ್‌ವಾಲಾಬಾಗಿನ ಗಾಯ ಆರಿರದ ಪಂಜಾಬಿನಿಂದ ಹೋದವರು ಇನ್ನೊಂದು ದೇಶದ ನಿರಾಯುಧ ಜನರ ಮೇಲೆ ಬಂದೂಕು ಎತ್ತಬೇಕಾಗಿ ಬಂದದ್ದು ಇತಿಹಾಸದ ಕ್ರೂರ ವ್ಯಂಗ್ಯವಲ್ಲವೆ? ಇಡೀ ಚೀನಾದಲ್ಲಿ ಹರತಾಳಗಳಾದವು, ಬಹಿಷ್ಕಾರಗಳಾದವು. ಆಮೇಲೆ ಗುಂಪನ್ನು ಗುಂಡಿಲ್ಲದೆ ಚದರಿಸುವ ವಿಶೇಷ ದಳವೊಂದನ್ನು ಷಾಂಘೈಯಲ್ಲಿ ಕಟ್ಟಿದರು. ಅದನ್ನು ತರಬೇತು ಮಾಡಿದವನೂ ಫೇರ್‌ಬೇರ್ನನೇ. ಹಾರಿಸುವುದನ್ನು ಕಲಿಸಿದ ಗುರುವಿಗೆ ಹಾರಿಸದಿರುವುದನ್ನೂ ಕಲಿಸುವ ಕೆಲಸ ಬಿತ್ತು.

1940ರಲ್ಲಿ ಫೇರ್‌ಬೇರ್ನನಿಗೆ ಐವತ್ತೈದು ವಯಸ್ಸು, ಸೈಕ್ಸನಿಗೆ ಐವತ್ತೇಳು. ಫ್ರಾನ್ಸು ಜರ್ಮನರ ವಶವಾಗಿತ್ತು, ಬ್ರಿಟನ್ನು ಒಂಟಿಯಾಗಿತ್ತು. ಷಾಂಘೈಯಿಂದ ಬಂದ ಇವರಿಬ್ಬರನ್ನು ಸ್ಕಾಟ್ಲೆಂಡಿನ ಲಾಕೈಲಾರ್ಟ್ ಎಂಬಲ್ಲಿ ಸೈನಿಕರಿಗೆ ಕಲಿಸಲು ನೇಮಿಸಿದರು. ಅದೇ ಜುಲೈ ತಿಂಗಳಲ್ಲಿ ಬ್ರಿಟಿಷರು ಒಂದು ಗುಪ್ತ ಸಂಸ್ಥೆಯನ್ನೂ ಹುಟ್ಟುಹಾಕಿದ್ದರು. ಶತ್ರು ಹಿಡಿದ ದೇಶಗಳೊಳಕ್ಕೆ ರಹಸ್ಯವಾಗಿ ಜನರನ್ನು ಕಳಿಸಿ ಅಲ್ಲಿನ ಪ್ರತಿರೋಧಕ್ಕೆ ನೆರವಾಗುವುದು ಅದರ ಉದ್ದೇಶ. ಹಳ್ಳಿಗಾಡಿನ ದೊಡ್ಡ ಬಂಗಲೆಗಳಲ್ಲಿ ನಡೆಯುತ್ತಿದ್ದ ಆ ಸಂಸ್ಥೆಯ ಶಾಲೆಗಳಲ್ಲಿ ಷಾಂಘೈಯ ಪದ್ಧತಿಯೇ ಪಿಸ್ತೂಲು ಪಾಠದ ತಳಹದಿಯಾಯಿತು. ವಿದ್ಯಾರ್ಥಿಗಳು ಮಾತ್ರ ಬೇರೆ. ಪೇದೆಗಳ ಜಾಗದಲ್ಲಿ ಗುಮಾಸ್ತರು, ಉಪಾಧ್ಯಾಯರು, ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಕ್ಕಳು.

ಅವರಲ್ಲೊಬ್ಬಳು ನೂರ್ ಇನಾಯತ್ ಖಾನ್. ಹುಟ್ಟಿದ್ದು 1914ರ ಜನವರಿ 1ರಂದು, ಮಾಸ್ಕೋದಲ್ಲಿ. ತಂದೆ ಹಜರತ್ ಇನಾಯತ್ ಖಾನ್, ವೀಣೆ ಹಿಡಿದು ಪಶ್ಚಿಮ ದೇಶಗಳಿಗೆ ಸೂಫಿ ತತ್ವವನ್ನು ಒಯ್ದವರು, ತಾಯಿ ಅಮೆರಿಕದವರು. ಇನಾಯತ್ ಖಾನರ ತಾಯಿಯ ತಂದೆ, ಬರೋಡೆಯಲ್ಲಿ ಸಂಗೀತಶಾಲೆ ಕಟ್ಟಿದ ಮೌಲಾಬಕ್ಷ್. ಅದಕ್ಕೆ ಮೊದಲು ಆತ ಮೈಸೂರು ಆಸ್ಥಾನದಲ್ಲಿ ಮನ್ನಣೆ ಪಡೆದಿದ್ದರು. ಅವರ ಕೈಹಿಡಿದ ಖಾಸಿಂಬೀ ಟೀಪೂವಿನ ವಂಶದವರೆಂಬುದು ಆ ಮನೆತನ ಕಾಪಾಡಿಕೊಂಡು ಬಂದ ನೆನಪು. ನೂರ್ ಬೆಳೆದದ್ದು ಪ್ಯಾರಿಸ್ಸಿನ ಪಕ್ಕದಲ್ಲಿ. ಆಕೆ ಹಾರ್ಪ್ ನುಡಿಸುತ್ತಿದ್ದಳು, ಮಕ್ಕಳಿಗೆ ಕಥೆ ಬರೆಯುತ್ತಿದ್ದಳು. 1939ರಲ್ಲಿ ಆಕೆ ಪ್ರಕಟಿಸಿದ ಪುಸ್ತಕ ಬುದ್ಧನ ಹಿಂದಿನ ಜನ್ಮಗಳ ಇಪ್ಪತ್ತು ಜಾತಕ ಕಥೆಗಳು. ಮರುವರ್ಷ ಇಂಗ್ಲೆಂಡಿಗೆ ತಪ್ಪಿಸಿಕೊಂಡು ಬಂದು ವಾಯುಪಡೆಯ ಮಹಿಳಾ ವಿಭಾಗ ಸೇರಿ ತಂತಿರಹಿತ ಸಂದೇಶ ಕಳಿಸುವುದನ್ನು ಕಲಿತಳು. 1943ರ ಆರಂಭದಲ್ಲಿ ಗುಪ್ತ ಸಂಸ್ಥೆ ಆಕೆಯನ್ನು ಆರಿಸಿ, ಗಿಲ್ಡ್‌ಫರ್ಡಿನ ಹತ್ತಿರದ ವಾನ್‌ಬರೋ ಬಂಗಲೆಯ ಶಾಲೆಗೆ ಕಳಿಸಿತು.

ಅಲ್ಲಿಯ ಶಿಕ್ಷಕರು ಬರೆದ ವರದಿ ಉಳಿದಿದೆ. ಚೆನ್ನಾಗಿ ಓಡಬಲ್ಲಳು, ಉಳಿದಂತೆ ಮೈಕೈ ಒಡ್ಡು. ಆಯುಧಗಳೆಂದರೆ ಸಾಕಷ್ಟು ಹೆದರಿಕೆ, ಆದರೆ ಆ ಹೆದರಿಕೆಯನ್ನು ಗೆಲ್ಲಲು ಬಹಳ ಪ್ರಯತ್ನಪಡುತ್ತಾಳೆ ಎಂಬುದು ಅದರ ಸಾರಾಂಶ. ಮುಂದಿನ ಶಾಲೆಯ ವರದಿಯಂತೂ ಆಕೆ ಈ ಕೆಲಸಕ್ಕೆ ತಕ್ಕವಳೇ ಎಂದು ಸಂಶಯಪಟ್ಟಿತು. ವಿಭಾಗದ ಮುಖ್ಯಸ್ಥ ಮಾರಿಸ್ ಬಕ್‌ಮಾಸ್ಟರ್ ಅದನ್ನು ಬದಿಗಿಟ್ಟ; ಸಂದೇಶ ಕಳಿಸಬಲ್ಲವರು ಆಗ ತುರ್ತಾಗಿ ಬೇಕಾಗಿದ್ದರು.

ನಮ್ಮಲ್ಲಿ ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆಯಿದೆ. ಹೆಂಗಸರ ನಡುವೆ ಜಂಬ ಕೊಚ್ಚಿ, ಕೌರವ ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದವನು ಉತ್ತರಕುಮಾರ. ನೂರಳದು ಇದರ ತಿರುಗುಮುರುಗು. ಹೆದರಿಕೆಯನ್ನು ಪಾಠಶಾಲೆಯಲ್ಲಿಯೇ ಎಲ್ಲರಿಗೂ ಕಾಣುವಂತೆ ತೋರಿಸಿದಳು. ಓಡಬೇಕಾದ ಕಡೆ ಮಾತ್ರ ಓಡಲಿಲ್ಲ.

1943ರ ಜೂನ್ 16ರ ರಾತ್ರಿ ಸಣ್ಣ ವಿಮಾನವೊಂದು ಆಕೆಯನ್ನು ಫ್ರಾನ್ಸಿನಲ್ಲಿ ಇಳಿಸಿತು. ಆ ದೇಶಕ್ಕೆ ಸಂದೇಶಯಂತ್ರದ ಕೆಲಸಕ್ಕಾಗಿ ಈ ಸಂಸ್ಥೆ ಕಳಿಸಿದ ಮೊದಲ ಹೆಣ್ಣು ಆಕೆ. ಹೋದ ಹತ್ತು ದಿನಗಳೊಳಗೆ ಆಕೆಯಿದ್ದ ಜಾಲದ ಮುಖಂಡರನ್ನು ಜರ್ಮನರು ಹಿಡಿದರು. ಹಿಂದಿರುಗಿ ಬರಬಹುದೆಂದು ಲಂಡನ್ನು ಹೇಳಿತು, ಆಕೆ ಒಪ್ಪಲಿಲ್ಲ. ಮನೆಯಿಂದ ಮನೆಗೆ ಯಂತ್ರವನ್ನು ಹೊತ್ತು, ಮೂರು ತಿಂಗಳಿಗೂ ಮಿಕ್ಕು ಸಂದೇಶ ಕಳಿಸಿದಳು. ಅಕ್ಟೋಬರಿನಲ್ಲಿ ಯಾರೋ ಮಾಡಿದ ದ್ರೋಹದಿಂದ ಸಿಕ್ಕಿಬಿದ್ದಾಗ ಹಿಡಿಯಲು ಬಂದವನ ಕೈಯನ್ನು ರಕ್ತ ಬರುವಂತೆ ಕಚ್ಚಿದಳು. ಷಾಂಘೈಯ ವಿದ್ಯೆಯಲ್ಲಿ ಆ ಗಳಿಗೆಗೆ ಒದಗಿದ್ದು ಅಷ್ಟೆ. ಅದನ್ನು ಯಾವ ಶಾಲೆಯೂ ಕಲಿಸಬೇಕಾಗಿರಲಿಲ್ಲ.

ಇಲ್ಲಿ ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಶಿಕ್ಷಕರ ಸಂಶಯ ಪೂರ್ತಿ ಸುಳ್ಳಾಗಿರಲಿಲ್ಲ. ಕಳಿಸಿದ ಸಂದೇಶಗಳನ್ನು ನೂರ್ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಅದು ಜರ್ಮನರ ಕೈಗೆ ಸಿಕ್ಕಿತು. ಆಕೆಯ ಯಂತ್ರದಿಂದ ಆಕೆಯ ಹೆಸರಿನಲ್ಲಿಯೇ ಅವರು ಲಂಡನ್ನಿನೊಡನೆ ಮಾತಾಡಿದರು, ಲಂಡನ್ನು ನಂಬಿತು. ಆ ನಂಬಿಕೆಯ ಮೇಲೆ 1944ರ ಫೆಬ್ರವರಿಯ ಕೊನೆಯಲ್ಲಿ ಇಳಿದವರು ನೇರವಾಗಿ ಶತ್ರುವಿನ ಕೈಗೇ ಇಳಿದರು. ಅವರಲ್ಲೊಬ್ಬಳು ಮದ್ಲೆನ್ ದಾಮರ್‌ಮಾಂ.

ಪುಸ್ತಕ ಸಿಕ್ಕಿತು, ಯಂತ್ರ ಸಿಕ್ಕಿತು. ನೂರಳ ಬಾಯಿಂದ ಮಾತ್ರ ಏನೂ ಸಿಕ್ಕಲಿಲ್ಲ. ಹಾಗೆಂದು ಸಾಕ್ಷಿ ನುಡಿದವನು ಪ್ಯಾರಿಸ್ಸಿನ ಜರ್ಮನ್ ಗುಪ್ತದಳದ ಮುಖ್ಯಸ್ಥ ಹಾನ್ಸ್ ಕೀಫರನೇ. ಆಕೆ ತಪ್ಪಿಸಿಕೊಳ್ಳಲು ಯತ್ನಿಸಿದಳು, ಮತ್ತೆ ಹಿಡಿದರು. ಇನ್ನು ತಪ್ಪಿಸಿಕೊಳ್ಳುವುದಿಲ್ಲವೆಂದು ಮಾತು ಕೊಡು ಎಂದರೆ ಕೊಡಲಿಲ್ಲ. ಫಾರ್ಟ್ಸ್‌ಹೈಮಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಕೈಕಾಲಿಗೆ ಸಂಕೋಲೆ ಹಾಕಿಟ್ಟರು. 1949ರಲ್ಲಿ ಬ್ರಿಟನ್ನು ಜಾರ್ಜ್ ಕ್ರಾಸ್ ಪದಕವನ್ನು ಕೊಟ್ಟದ್ದು ಈ ಕೈಗಳಿಗೆ. ಅದನ್ನು ತೊಡಲು ಆಕೆ ಇರಲಿಲ್ಲ.

ಪಿಸ್ತೂಲಿನ ಪಾಠ ಕೆಲಸಕ್ಕೆ ಬಾರದ್ದೆಂದು ನಾನು ಹೇಳುತ್ತಿಲ್ಲ. ಭಯವನ್ನು ಅರಿತು, ಅದಕ್ಕೆ ತಕ್ಕಂತೆ ಕಲಿಸಿದ ಇಬ್ಬರು ಬುದ್ಧಿವಂತರ ಕೃತಿ ಅದು. ಎಷ್ಟೋ ಮಂದಿ ಅದರಿಂದ ಬದುಕಿದರು. ಆದರೆ ಕೈಗೆ ಕಲಿಸುವುದೆಲ್ಲ ಅಂಕಗಳಿಗೆ ಸಿಗುತ್ತದೆ. ಎಷ್ಟು ಹೊತ್ತಿನಲ್ಲಿ ಎತ್ತಿದ, ಎಷ್ಟು ಗುಂಡು ತಗುಲಿದವು ಎಂದು ಎಣಿಸಬಹುದು. ಯಾರ ಮೇಲೆ ಎತ್ತಬಾರದು, ಯಾವಾಗ ಬಾಯಿ ಬಿಡಬಾರದು ಎಂಬ ಪಾಠಗಳಿಗೆ ವರದಿಯಲ್ಲಿ ಜಾಗವಿರುವುದಿಲ್ಲ. ವಾನ್‌ಬರೋದ ಶಿಕ್ಷಕರು ಬರೆದ ಮಾತುಗಳಲ್ಲಿ ಹೆದರಿಕೆ ಎಂಬುದಕ್ಕಿಂತ ‘ಪ್ರಯತ್ನಪಡುತ್ತಾಳೆ’ ಎಂಬುದೇ ತೂಕದ ಮಾತಾಗಿತ್ತು. ಬರೆದವರಿಗೂ ಅಂದು ಅದು ತಿಳಿದಿರಲಾರದು.

1944ರ ಸೆಪ್ಟೆಂಬರ್ 13ರ ಬೆಳಗಿನ ಜಾವ ದಾಖೌ ಶಿಬಿರದಲ್ಲಿ ನಾಲ್ವರು ಹೆಣ್ಣುಮಕ್ಕಳನ್ನು ಗುಂಡಿಟ್ಟು ಕೊಂದರು. ನೂರ್, ಯೋಲಾಂಡ್ ಬೀಕ್‌ಮನ್, ಎಲಿಯಾನ್ ಪ್ಲ್ಯೂಮನ್, ಮತ್ತು ಮದ್ಲೆನ್ ದಾಮರ್‌ಮಾಂ. ಹಿಂದಿನಿಂದ, ಹತ್ತಿರದಿಂದ ಹಾರಿಸಿದ ಗುಂಡು. ಹಾರಿಸಿದವನಿಗೆ ಯಾವ ಪಾಠಶಾಲೆಯ ಅಗತ್ಯವೂ ಇರಲಿಲ್ಲ.